ಲಿವರ್ ಕಸಿ: ಕೊಡುವವಳಿಗೂ ಒಂದು ಮಾತು

ಭಾರತದಲ್ಲಿ ಮಗುವಿಗೆ ಮಾಡಿದ ಮೊದಲ ಯಶಸ್ವಿ ಲಿವರ್ ಕಸಿ ನಡೆದದ್ದು ನಮ್ಮ ದೆಹಲಿಯ ಅಪೊಲೊ ಆಸ್ಪತ್ರೆಯಲ್ಲಿ, 1998ರಲ್ಲಿ. ಅಂದು ಲಿವರಿನ ಭಾಗ ಕೊಟ್ಟವರು ತಂದೆ. ಇಂದು ದೇಶದ ಜೀವಂತ ದಾನಿಗಳಲ್ಲಿ ಹೆಂಗಸರೇ ಹೆಚ್ಚು.

ರೋಗಿ, ದಾನಿ ಇಬ್ಬರಿಗೂ ಪೂರ್ತಿ ಅರಿವಳಿಕೆ ಕೊಡುತ್ತಾರೆ. ರೋಗಿಯ ಶಸ್ತ್ರಚಿಕಿತ್ಸೆ ಹತ್ತು-ಹನ್ನೆರಡು ಗಂಟೆ ಹಿಡಿಯಬಹುದು. ಹೊರಗೆ ಕಾಯುವವರು ಗಾಬರಿಯಾಗಬೇಡಿ. ಐಸಿಯುನಲ್ಲಿ ಎಚ್ಚರವಾದಾಗ ಗಂಟಲಲ್ಲಿ ನಳಿಕೆಯಿದ್ದರೆ ಮಾತು ಬರುವುದಿಲ್ಲ. ತೆಗೆದ ಮೇಲೆ ಬರುತ್ತದೆ. ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ರೋಗಿ ಜೀವನವಿಡೀ ಮಾತ್ರೆ ನುಂಗಬೇಕು. ದಾನಿಯ ಲಿವರ್ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಆದರೆ ಅವಳಿಗೂ ನೋವು, ಅಪಾಯ ಉಂಟು, ವಿಶ್ರಾಂತಿ ಬೇಕು.

1994ರ ಕಾಯ್ದೆಯಂತೆ ದಾನಿಯ ಸ್ವಂತ ಒಪ್ಪಿಗೆ ಇರಲೇಬೇಕು. ಡಾಕ್ಟರು ಕೇಳಿದಾಗ ಮನಸ್ಸಿನಲ್ಲಿರುವುದನ್ನೇ ಹೇಳಿ. ಕೊಡಿ ಎಂದಾಗಲಿ, ಬೇಡ ಎಂದಾಗಲಿ ನಾನು ಹೇಳುತ್ತಿಲ್ಲ. ನಿರ್ಧಾರ ನಿಮ್ಮದಾಗಿರಲಿ.