ಮಾತ್ರೆಯ ಎಚ್ಚರಿಕೆ ಕನ್ನಡದಲ್ಲಿ ಮುಟ್ಟಲಿ

(ಶಿರಾ ತಾಲ್ಲೂಕು ಬುಕ್ಕಾಪಟ್ಟಣದಲ್ಲಿ ಯುವಜನರ ಮುಂದೆ ಆಡಿದ ಮಾತುಗಳು)



ಬೆಂಗಳೂರಿನಲ್ಲಿ ಓದಿ, ದುಡಿದು, ಹಬ್ಬಕ್ಕೆಂದು ಬುಕ್ಕಾಪಟ್ಟಣಕ್ಕೆ ಬಂದವರು ನೀವು. ನಿಮ್ಮ ಬ್ಯಾಗಿನಲ್ಲೋ ಮನೆಯ ಗೂಡಿನಲ್ಲೋ ಒಂದು ಮಾತ್ರೆ ಹಾಳೆ ಇದ್ದೀತು. ಹೆಸರು ಮಾಂಟೆಲುಕಾಸ್ಟ್. ಉಬ್ಬಸಕ್ಕೆ, ಮೂಗು ಸೋರುವ ಅಲರ್ಜಿಗೆ ಕೊಡುವ ಔಷಧ.

ಉಬ್ಬಸವೇನು ಸಣ್ಣ ಮಾತಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆ ಲೆಕ್ಕದಲ್ಲಿ 1979ರಲ್ಲಿ ನೂರಕ್ಕೆ 9 ಮಕ್ಕಳಿಗಿದ್ದ ಈ ಕಾಯಿಲೆ 1999ಕ್ಕೆ 29.5ಕ್ಕೇರಿತ್ತು. ಅಲ್ಲಿ ವಾಹನದ ಹೊಗೆ. ಇಲ್ಲಿ ದೂಳು, ಒಲೆಯ ಹೊಗೆ. ಕಾಂಗ್ರೆಸ್ ಗಿಡದ ಪರಾಗವಂತೂ ಎರಡೂ ಕಡೆ!

ಅಲರ್ಜಿಯಾದಾಗ ಮೈಯಲ್ಲಿ ಲ್ಯೂಕೋಟ್ರೈನ್ ಎಂಬ ವಸ್ತು ಹುಟ್ಟಿ ಉಸಿರ್ನಾಳವನ್ನು ಊದಿಸುತ್ತದೆ, ಬಿಗಿಯುತ್ತದೆ, ಕಫ ತುಂಬಿಸುತ್ತದೆ. ಅದಕ್ಕೆ ಈ ಮಾತ್ರೆ ಅಡ್ಡ ನಿಲ್ಲುತ್ತದೆ. ದಿನಕ್ಕೊಂದು, ದೊಡ್ಡವರಿಗೆ 10 ಮಿಲಿಗ್ರಾಂ, 6ರಿಂದ 14 ವರ್ಷದವರಿಗೆ 5. ಆದರೆ ನೆನಪಿಡಿ: ಇದು ಉಬ್ಬಸ ಬಾರದಂತೆ ತಡೆಯುವ ಮದ್ದು. ದಮ್ಮು ಕಟ್ಟಿದ ಗಳಿಗೆಯಲ್ಲಿ ಕೈಹಿಡಿಯುವ ಮದ್ದಲ್ಲ! ಆಗ ವೈದ್ಯರು ಕೊಟ್ಟ ಸಾಲ್ಬುಟಮಾಲ್ ಪಂಪು ಬೇಕು. ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಮಾತು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧಕ್ಕೆ 2020ರ ಮಾರ್ಚ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಹಾಕಿಸಿತು. ಎಷ್ಟೋ ಜನ ತೊಂದರೆಯಿಲ್ಲದೆ ನುಂಗುತ್ತಾರೆ, ನಿಜ. ಆದರೆ ಕೆಲವರಲ್ಲಿ ಕೆಟ್ಟ ಕನಸು, ನಿದ್ದೆಗೇಡು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಕೂಡ ಕಂಡಿವೆ. ಬರೀ ಮೂಗಿನ ಅಲರ್ಜಿಯಾದರೆ, ಬೇರೆ ಔಷಧ ಹಿಡಿಸದಿದ್ದಾಗ ಮಾತ್ರ ಇದನ್ನು ಕೊಡಿ ಎಂದೂ ಅದು ಹೇಳಿತು.

ಈ ಸುದ್ದಿ ನಮ್ಮ ಮನೆಗೆ ಯಾವ ಭಾಷೆಯಲ್ಲಿ ಬಂತು? ಹಾಳೆಯ ಹಿಂದೆ ನೋಡಿ, ಇರುವೆ ಸಾಲಿನಂಥ ಇಂಗ್ಲಿಷ್! ಮೊಮ್ಮಗ ರಾತ್ರಿ ಬೆಚ್ಚಿಬಿದ್ದರೆ ಅಜ್ಜಿ ದೃಷ್ಟಿ ತಾಕಿತೆಂದು ನಿವಾಳಿಸುತ್ತಾಳೆ. ಮಾತ್ರೆಯ ಮೇಲೆ ಅವಳಿಗೆ ಅನುಮಾನ ಬರುವುದಾದರೂ ಹೇಗೆ? ತಪ್ಪು ಅಜ್ಜಿಯದೇ?

ಓದಬಲ್ಲವರು ನೀವು. ಔಷಧದಂಗಡಿಯಲ್ಲಿ ಕನ್ನಡದಲ್ಲೇ ಕೇಳಿ: ಇದು ಏತಕ್ಕೆ? ಎಷ್ಟು ದಿನ? ಏನು ಕಂಡರೆ ನಿಲ್ಲಿಸಬೇಕು? ಉತ್ತರವನ್ನು ಕನ್ನಡದಲ್ಲಿ ಬರೆದು ಮಾತ್ರೆ ಡಬ್ಬಿಗೆ ಅಂಟಿಸಿ. ಮನಸ್ಸಿನಲ್ಲಿ ಏರುಪೇರು ಕಂಡರೆ ಈ ಮಾತ್ರೆ ನಿಲ್ಲಿಸಿ, ಅಂದೇ ವೈದ್ಯರಿಗೆ ತಿಳಿಸಿ; ಉಬ್ಬಸದ ಪಂಪನ್ನು ಮಾತ್ರ ಬಿಡಬೇಡಿ.

ಅಂಗಡಿಯ ಬೋರ್ಡಿನಲ್ಲಿ ಕನ್ನಡ ಕೇಳಿದ್ದೇವೆ. ಅಂಗಡಿಯೊಳಗಿನ ಮಾತ್ರೆಯ ಮೇಲೂ ಕೇಳೋಣ. ಇದು ಬರೀ ಅಭಿಮಾನದ ಮಾತಲ್ಲ, ಉಸಿರಿನ ಮಾತು!