ಚಿತ್ತಪ್ರಸಾದ



ಯೋಗವೆಂಬ ಶಬ್ದವು ಈಗ ಮನೆಮನೆಯ ಮಾತಾಗಿದೆ. ಬೆಳಗಾವಿಯ ಕೋಟೆಕೆರೆಯ ದಂಡೆಗೆ ಬೆಳಗಿನ ಜಾವ ಹೋದರೆ ಚಾಪೆ ಹಾಸಿಕೊಂಡು ಉಸಿರು ಬಿಗಿಹಿಡಿದು ಕುಳಿತವರನ್ನು ಕಾಣಬಹುದು. ನಮಗೆ ಸಂತೋಷವೇ. ಆದರೆ ಅದೇ ಚಾಪೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದವನು, ಚಹಾ ತಡವಾಯಿತೆಂದು ಸೊಸೆಯ ಮೇಲೆ ಹರಿಹಾಯ್ದರೆ, ಆ ಯೋಗವು ಮೈಗೆ ಹತ್ತಿತೇ ಹೊರತು ಮನಸ್ಸಿಗೆ ಹತ್ತಲಿಲ್ಲವೆಂದೇ ತಿಳಿಯಬೇಕು.

ಪತಂಜಲಿ ಮಹರ್ಷಿಗಳು ತಮ್ಮ ಯೋಗಸೂತ್ರಗಳ ಮೊದಲನೆಯ ಪಾದದಲ್ಲಿಯೇ ಮನಸ್ಸಿನ ಔಷಧವನ್ನು ಹೇಳಿಬಿಟ್ಟಿದ್ದಾರೆ. ಆಸನದ ಮಾತು ಬರುವುದು ಎಷ್ಟೋ ಆಮೇಲೆ. ಸುಖಿಗಳಾದವರಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ, ಪಾಪದ ಹಾದಿ ಹಿಡಿದವರಲ್ಲಿ ಉಪೇಕ್ಷೆ. ಈ ನಾಲ್ಕರಿಂದ ಆಗುವುದಕ್ಕೆ ಅವರು ಕೊಟ್ಟ ಹೆಸರು ಚಿತ್ತಪ್ರಸಾದನ. ನೋಡಿರಿ, ನಮ್ಮ ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ; ಅವರಲ್ಲಿಯೂ ಅದೇ ಶಬ್ದ. ಸಂಸ್ಕೃತದಲ್ಲಿ ಪ್ರಸನ್ನವಾದ ನೀರು ಎಂದರೆ ತಿಳಿಯಾದ ನೀರು. ಆಷಾಢದಲ್ಲಿ ಖಾನಾಪುರದ ಸೇತುವೆಯ ಮೇಲೆ ನಿಂತು ಮಲಪ್ರಭೆಯನ್ನು ನೋಡಿದವರಿಗೆ ಗೊತ್ತು, ಕಣಕುಂಬಿಯ ಬೆಟ್ಟದಿಂದ ಕೆಂಪು ಮಣ್ಣು ಹೊತ್ತು ರಾಡಿಯಾಗಿ ಬರುತ್ತಾಳೆ. ಮಾರ್ಗಶಿರದ ಹೊತ್ತಿಗೆ ತಳದ ಕಲ್ಲು ಕಾಣುವಷ್ಟು ತಿಳಿಯಾಗುತ್ತಾಳೆ. ಯಾರಾದರೂ ಒಳಗೆ ಕೈಹಾಕಿ ಸೋಸಿದರೇನು? ಕಲಕುವುದು ನಿಂತಿತು, ಅಷ್ಟೇ.

ಈ ನಾಲ್ಕರಲ್ಲಿ ಅತಿ ಕಠಿಣವಾದದ್ದು ಯಾವುದು? ಕರುಣೆಯಲ್ಲ. ಮಗ್ಗುಲ ಮನೆಯವನು ಬಿದ್ದರೆ ನಾವು ಓಡಿಹೋಗಿ ಎತ್ತುತ್ತೇವೆ. ಅವನ ಕಬ್ಬಿನ ಬಿಲ್ಲು ಮೊದಲು ಬಂತೆಂದರೆ ನಮಗೆ ಆ ರಾತ್ರಿ ನಿದ್ರೆ ಬರುವುದಿಲ್ಲ! ಅದಕ್ಕೇ ಇರಬೇಕು, ಮಹರ್ಷಿಗಳು ಸುಖಿಗಳಲ್ಲಿ ಮೈತ್ರಿ ಎಂಬುದನ್ನು ಎಲ್ಲಕ್ಕೂ ಮುಂದೆ ಇಟ್ಟರು.

ನಮ್ಮ ಬೆಳಗಾವಿಗೆ ಸಂಬಂಧಪಟ್ಟ ಒಂದು ವೃತ್ತಾಂತವಿದೆ. ಜಗತ್ತಿಗೆಲ್ಲ ಯೋಗಾಚಾರ್ಯರೆಂದು ಹೆಸರಾದ ಬಿ.ಕೆ.ಎಸ್. ಅಯ್ಯಂಗಾರರು 1918ರ ಡಿಸೆಂಬರ್ 14ರಂದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದರು. ಅದು ಇನ್‌ಫ್ಲುಯೆಂಜಾ ಬೇನೆ ಮನೆಮನೆ ಹೊಕ್ಕ ಕಾಲ. ಬಾಲ್ಯದಲ್ಲಿ ಮಲೇರಿಯಾ, ವಿಷಮಶೀತಜ್ವರ, ಕ್ಷಯ ಎಲ್ಲವನ್ನೂ ಕಂಡ ಸಣಕಲು ಮೈ. ಮೈಸೂರಿನಲ್ಲಿ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರಲ್ಲಿ ಯೋಗ ಕಲಿತರು. 1936ರಲ್ಲಿ ಗುರುಗಳೊಡನೆ ನಮ್ಮ ಉತ್ತರ ಕರ್ನಾಟಕದ ಸೀಮೆಗೆ ಬಂದಾಗ, ಧಾರವಾಡದ ಹೆಣ್ಣುಮಕ್ಕಳಿಗೆ ಕಲಿಸುವ ಕೆಲಸ ಈ ಹುಡುಗನ ಪಾಲಿಗೆ ಬಂತು. ಎಲ್ಲರಿಗಿಂತ ಚಿಕ್ಕವನೆಂಬುದೇ ಕಾರಣ. ಆಗ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ನರಾಗಿದ್ದ ಡಾ. ವಿ.ಬಿ. ಗೋಖಲೆಯವರ ಕಣ್ಣಿಗೆ ಇವರು ಬಿದ್ದರು. ಅವರ ಪ್ರಯತ್ನದಿಂದ 1937ರಲ್ಲಿ ಪುಣೆಗೆ ಕರೆ ಬಂತು. ಮರಾಠಿ ಬಾರದು, ಇಂಗ್ಲೀಷು ಅಷ್ಟಕ್ಕಷ್ಟೇ, ಶಿಷ್ಯರೋ ತಮಗಿಂತ ಹಿರಿಯರು, ಓದಿದವರು. ಸಭೆಗಳಲ್ಲಿ ಗೋಖಲೆಯವರು ವಿವರಿಸುವುದು, ಇವರು ಆಸನ ಮಾಡಿ ತೋರಿಸುವುದು. ಒಬ್ಬರಿಗೆ ಮಾತು ಬರುತ್ತಿತ್ತು, ಇನ್ನೊಬ್ಬರಿಗೆ ಮೈ ಮಾತಾಡುತ್ತಿತ್ತು. ಆರು ತಿಂಗಳಿಗೆಂದು ಹೋದವರು 2014ರಲ್ಲಿ ದೇಹ ಬಿಡುವವರೆಗೆ ಅಲ್ಲಿಯೇ ನೆಲೆನಿಂತರು.

ನಮಗೆ ಅವರಲ್ಲಿ ಬಹಳ ಹಿಡಿಸಿದ ಸಂಗತಿಯೊಂದಿದೆ. ಬಾಗಿದರೆ ಕೈ ನೆಲ ಮುಟ್ಟದ ಮುದುಕನಿಗೆ ಅವರು ‘ನೀನು ಯೋಗಕ್ಕೆ ತಕ್ಕವನಲ್ಲ’ ಎನ್ನಲಿಲ್ಲ. ಕೈಯ ಕೆಳಗೆ ಒಂದು ಇಟ್ಟಿಗೆ, ಒಂದು ಮರದ ತುಂಡು ಇಟ್ಟರು. ಕುರ್ಚಿ, ಹಗ್ಗ, ಕಂಬಳಿ ಎಲ್ಲವನ್ನೂ ಸಾಧನ ಮಾಡಿದರು. ಮನುಷ್ಯ ನೆಲಕ್ಕೆ ಎಟುಕದಿದ್ದರೆ ನೆಲವೇ ನಾಲ್ಕು ಅಂಗುಲ ಮೇಲೆ ಬರಲಿ! ಅವರು ಶ್ರೀವೈಷ್ಣವರು, ನಾವು ಲಿಂಗವಂತರು. ಒಳ್ಳೆಯದನ್ನು ಕಲಿಯುವಲ್ಲಿ ಅದನ್ನೇಕೆ ಕೇಳಬೇಕು? ಖಾನಾಪುರದವರಿಗೆ ಇಟ್ಟಿಗೆ ಹಂಚುಗಳ ವಿಷಯ ನಾವು ಹೇಳಬೇಕಿಲ್ಲ. ಮಂದಬುದ್ಧಿಯ ಮಗನಿರಲಿ, ಕಿವಿ ಕೇಳದ ಅತ್ತೆ ಇರಲಿ, ಅವರು ನಮ್ಮ ಮಟ್ಟಕ್ಕೆ ಬರಲಿ ಎಂದು ಕಾಯುತ್ತ ಕೂಡ್ರುವ ಬದಲು ಒಂದು ಇಟ್ಟಿಗೆ ಇಟ್ಟು ನೋಡಿರಿ.

ಇಲ್ಲಿ ಒಂದು ಸಂಶಯ ಬರುತ್ತದೆ. ಇದೇ ಮಾತನ್ನು ಹಿಂದೊಮ್ಮೆ ಹೇಳಿದಾಗ, ಖಾನಾಪುರದ ಕಡೆಯ ಒಬ್ಬ ತಾಯಿ ಎಲ್ಲರೂ ಹೋದ ಮೇಲೆ ಬಂದು ನಿಂತಳು. “ಅಜ್ಜಾರ, ಬಂದದ್ದೆಲ್ಲಾ ಪ್ರಸಾದ ಅಂತ ತಗೋಬೇಕು ಅಂದ್ರಿ. ಮನ್ಯಾಗ ಅವರು ಕುಡದ ಬಂದು ಹೊಡಿತಾರ. ಆ ಹೊಡತಾನೂ ಪ್ರಸಾದ ಏನ್ರಿ?” ಎಂದು ಕೇಳಿದಳು. ಪಂಡಿತರ ಸಭೆಯಲ್ಲಿಯೂ ಇಷ್ಟು ನೇರವಾದ ಪ್ರಶ್ನೆ ಬಂದಿದ್ದಿಲ್ಲ.

“ಅಲ್ಲವ್ವಾ” ಎಂದೆವು. ಶಾಸ್ತ್ರವೇ ಇದೆ. ಲಿಂಗಕ್ಕೆ ಅರ್ಪಿತವಾದದ್ದು ಮಾತ್ರ ಪ್ರಸಾದ, ಅನರ್ಪಿತವನ್ನು ಮುಟ್ಟಬಾರದು. ಬಿಸಿಲು, ಮಳೆ, ಬಡತನ, ಬೇನೆ ಇವನ್ನು ಅರ್ಪಿಸಬಹುದು. ಕುಡುಕನ ಹೊಡೆತವನ್ನು ಯಾವ ಬಾಯಿಂದ ಅರ್ಪಿಸುವುದು? ಅದನ್ನು ಸೈರಿಸಿಕೊಂಡಿರೆಂದು ಪತಂಜಲಿಗಳೂ ಹೇಳಿಲ್ಲ. ಉಪೇಕ್ಷೆ ಎಂದರೆ ಜನ ಅಲಕ್ಷ್ಯವೆಂದು ತಿಳಿಯುತ್ತಾರೆ. ಶಬ್ದವನ್ನು ಬಿಡಿಸಿದರೆ ಅದರಲ್ಲಿ ಈಕ್ಷಣವಿದೆ, ನೋಡುವುದಿದೆ. ಪಾಪವನ್ನು ಕಣ್ಣು ತೆರೆದು ನೋಡು, ಅದರ ದ್ವೇಷವನ್ನು ಒಳಗೆ ಬಿಟ್ಟುಕೊಳ್ಳಬೇಡ, ಅದಕ್ಕೆ ಪಾಲುಗಾರಳೂ ಆಗಬೇಡ. ಆಕೆಯ ತವರಿನವರನ್ನು ಕರೆಸಿದೆವು. ಗಂಡನನ್ನೂ ಕರೆಸಿದೆವು, ಅವನು ಎರಡು ಸಲ ತಪ್ಪಿಸಿಕೊಂಡು ಮೂರನೆಯ ಸಲ ಬಂದ. ಕುಡಿತ ಬಿಡುವವರೆಗೆ ಆಕೆ ಮಕ್ಕಳೊಡನೆ ತವರಿನಲ್ಲಿಯೇ ಇರಲೆಂದು ಅವನ ಎದುರಿಗೇ ಹೇಳಿದೆವು. ಮನೆಯೊಳಗಿನ ಹಿಂಸೆಯಿಂದ ಹೆಣ್ಣುಮಕ್ಕಳನ್ನು ಕಾಯಲು 2005ರಲ್ಲಿ ಆದ ಕಾಯಿದೆಯೂ ಇದೆ. ಅದರ ಆಸರೆ ಪಡೆಯುವುದರಿಂದ ಮನೆತನದ ಮರ್ಯಾದೆ ಹೋಗುವುದಿಲ್ಲ. ಹೋಗುವುದು ಹೊಡೆಯುವವನದು. ಹಿರಿಯರಿಗೆ ನಮ್ಮದೊಂದು ಮಾತು: ಮಠದ ಹೆಸರು ಹೇಳಿ, ಯೋಗದ ಹೆಸರು ಹೇಳಿ, ಯಾವ ಹೆಣ್ಣುಮಗಳಿಗೂ ‘ತಾಳಿಕೋ’ ಎನ್ನಬೇಡಿರಿ.

ಹಾಗಾದರೆ ಆ ಗಂಡನ ಮೇಲೆ ಪ್ರೀತಿ ಬೇಡವೇ ಎಂದರೆ, ಬೇಕು. ಅವನನ್ನು ಕೂಡ್ರಿಸಿಕೊಂಡು ಊಟಕ್ಕೆ ಹಾಕಿದೆವು. ಬೈಯಲಿಲ್ಲ. ಆದರೆ ಹೆಂಡತಿಯನ್ನು ಅವನೊಡನೆ ಕಳುಹಿಸಲೂ ಇಲ್ಲ.

ಇನ್ನು ಊರ ಮಾತು. ನಮ್ಮದು ಎರಡು ಭಾಷೆಗಳ ಸೀಮೆ. ಖಾನಾಪುರದ ಸಂತೆಯಲ್ಲಿ ಒಬ್ಬ ಮರಾಠಿಯಲ್ಲಿ ಬೆಲೆ ಕೇಳಿದರೆ ಇನ್ನೊಬ್ಬ ಕನ್ನಡದಲ್ಲಿ ಹೇಳುತ್ತಾನೆ, ವ್ಯಾಪಾರ ಕುದುರುತ್ತದೆ. ಸಂತೆಯಲ್ಲಿ ಇಲ್ಲದ ಜಗಳ ವೇದಿಕೆಯ ಮೇಲೆ ಎಲ್ಲಿಂದ ಬರುತ್ತದೆ? ನಮ್ಮ ನುಡಿಯ ಅಭಿಮಾನ ನಮಗಿರಲಿ; ಕನ್ನಡದ ಹುಡುಗನನ್ನು ಮರಾಠಿಯ ಪುಣೆಗೆ ಒಯ್ದವರು ಗೋಖಲೆಯವರೆಂಬುದೂ ನೆನಪಿರಲಿ.

ನಾಳೆಯಿಂದ ಇಷ್ಟು ಮಾಡಿರಿ. ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ ಕೂಡಲೇ ಏಳಬೇಡಿರಿ. ಹತ್ತು ಉಸಿರಿನಷ್ಟು ಹೊತ್ತು ಹಾಗೆಯೇ ಕೂತು, ಯಾರ ಏಳಿಗೆಯನ್ನು ನೋಡಿ ನಿಮ್ಮ ಹೊಟ್ಟೆ ಉರಿಯುತ್ತದೆಯೋ ಅವರೊಬ್ಬರ ಮುಖವನ್ನು ನೆನೆಯಿರಿ. ಆಮೇಲೆ ಆ ದಿನ ಅವರು ಸಿಕ್ಕರೆ ನೀವೇ ಮೊದಲು ಶರಣೆನ್ನಿರಿ. ಒಂದು ತಿಂಗಳು ನಡೆಸಿ, ಬರುವ ಅಮಾವಾಸ್ಯೆಗೆ ಬಂದು ನಮಗೆ ತಿಳಿಸಿರಿ. ಪಂಕ್ತಿ ಸಿದ್ಧವಾಗಿದೆಯೆಂದು ಹೇಳಿಕಳಿಸಿದ್ದಾರೆ. ಖಾನಾಪುರದ ಬಸ್ಸು ಹಿಡಿಯುವವರು ಮೊದಲ ಪಂಕ್ತಿಗೆ ಕೂಡ್ರಲಿ.