ಬೀದರ ಸೀಮೆಯ ಹಾದಿ ಮತ್ತು ಹಳಿ

(ಬೀದರ ನಗರದಲ್ಲಿ ಶಿಕ್ಷಕರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾಡೊಂದು ಒಂದಾಯಿತೆಂದು ನಾವು ಯಾವಾಗ ಹೇಳಬೇಕು? ಕಾಯಿದೆಯು ಅಂಗೀಕೃತವಾದ ದಿನವೋ? ಅಥವಾ ಆ ನಾಡಿನ ಕಟ್ಟಕಡೆಯ ಹಳ್ಳಿಯ ರೈತನು ತನ್ನ ನಾಡಿನೊಳಗಿನ ಹಾದಿಯಿಂದಲೇ ರಾಜಧಾನಿಯನ್ನು ಮುಟ್ಟಬಲ್ಲ ದಿನವೋ?

1956ನೆಯ ಇಸವಿ ನವೆಂಬರ 1ರಂದು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯು ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ಬೀದರ, ಭಾಲ್ಕಿ, ಹುಮನಾಬಾದ, ಔರಾದ ಸೀಮೆಗಳು ಕನ್ನಡ ನಾಡನ್ನು ಸೇರಿದವು. ಭೂಮಿ ಬಂದಿತು, ಜನ ಬಂದರು. ಆದರೆ ನಾಡಿನ ಒಡಲಿಗೆ ಸೇರಿಸುವ ಹಳಿ ಬರಲಿಲ್ಲ. ನಿಜಾಮರ ಆಡಳಿತದಲ್ಲಿ 1930ರ ಸುಮಾರಿಗೆ ಹಾಕಿದ ರೇಲ್ವೆಯು ಒಂದು ಕಡೆ ವಿಕಾರಾಬಾದಿಗೂ, ಮತ್ತೊಂದು ಕಡೆ ಭಾಲ್ಕಿ, ಕಮಲನಗರ, ಉದಗೀರಗಳ ಮೇಲೆ ಪರಳಿಗೂ ಮುಟ್ಟುತ್ತಿತ್ತು. ಅದರ ಎರಡು ತುದಿಗಳೂ ಪರರಾಜ್ಯಗಳ ಪಾಲಾದವು. ಬೀದರದವನು ರೇಲ್ವೆಯಿಂದ ನೆರೆಯ ಕಲಬುರ್ಗಿಗೆ ಹೋಗಬೇಕಾದರೂ ವಿಕಾರಾಬಾದ, ತಾಂಡೂರ, ವಾಡಿಗಳನ್ನು ಸುತ್ತಿಯೇ ಹೋಗಬೇಕಾಯಿತು.

ಈ ಕೊರತೆಯು ನೀಗಿದ್ದು 2017ನೆಯ ಇಸವಿ ಅಕ್ಟೋಬರ 29ರಂದು, 110 ಕಿಲೋಮೀಟರಿನ ಬೀದರ–ಕಲಬುರ್ಗಿ ಮಾರ್ಗವು ತೆರೆದಾಗ. ನಕ್ಷೆಯ ಮೇಲಿನ ಏಕೀಕರಣಕ್ಕೂ ಹಳಿಯ ಮೇಲಿನ ಏಕೀಕರಣಕ್ಕೂ ನಡುವೆ ಮೂರು ದಿನ ಕಡಿಮೆ 61 ವರುಷಗಳು ಸಂದವು!

ಈ ಮಾರ್ಗದ ಚರಿತ್ರೆಯಲ್ಲಿ ನಮಗೆಲ್ಲ ಒಂದು ಪಾಠವಿದೆ. ಮಂಜೂರಾತಿಯು ದೊರೆತದ್ದು 1990ರ ದಶಕದ ಕೊನೆಯಲ್ಲಿ. ಮೊದಲ ಅಂದಾಜು ಸುಮಾರು 370 ಕೋಟಿ ರೂಪಾಯಿ. ಕೆಲಸ ಮುಗಿಯುವ ಹೊತ್ತಿಗೆ ಅದು 1,500 ಕೋಟಿಯನ್ನು ದಾಟಿತು. ವೆಚ್ಚದ ಅರ್ಧ ಭಾರವನ್ನು ರಾಜ್ಯ ಸರಕಾರವೂ ಹೊತ್ತಿತು. ಹಣ ವರುಷವರುಷ ತೊಟ್ಟುತೊಟ್ಟಾಗಿ ಬಂದರೆ, ಕಲ್ಲು, ಕಬ್ಬಿಣ, ಕೂಲಿ, ಭೂಮಿ ಎಲ್ಲವುಗಳ ಬೆಲೆ ಏರುತ್ತದೆ. ಮೊದಲು ಮಿತವ್ಯಯವೆಂದು ಕಂಡದ್ದೇ ಕೊನೆಗೆ ದುಂದುವೆಚ್ಚವಾಗುತ್ತದೆ. ವಕೀಲರಾದ ನಾವು ನ್ಯಾಯಾಲಯದಲ್ಲಿ ನಿತ್ಯವೂ ಕಾಣುವುದು ಇದನ್ನೇ: ಡಿಕ್ರಿ ದೊರೆತರೆ ಸಾಲದು, ಅದರ ಅಮಲ್ಜಾರಿ ಆಗಬೇಕು. ಮಂಜೂರಾತಿಯು ಡಿಕ್ರಿ, ಹಳಿಯ ಮೇಲೆ ಗಾಡಿ ಓಡುವುದೇ ಅಮಲ್ಜಾರಿ.

ಇನ್ನು ಔರಾದದ ಮಾತು. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ನಾಡಿನ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳೆಂದು ಗುರುತಿಸಿತು, ಔರಾದವು ಅವುಗಳಲ್ಲೊಂದು. ಆ ಪಟ್ಟಣಕ್ಕೆ ಇಂದಿಗೂ ಹಳಿಯಿಲ್ಲ. ಗಾಡಿ ಹಿಡಿಯಬೇಕಾದವನು ಬೀದರಕ್ಕೋ ಭಾಲ್ಕಿಗೋ ಕಮಲನಗರಕ್ಕೋ ಹೋಗಬೇಕು. ಬೀದರದಿಂದ ಔರಾದ ಸೀಮೆಯನ್ನು ಹಾದು ನಾಂದೇಡಕ್ಕೆ ಹೋಗಬೇಕಾದ ಮಾರ್ಗವು ವರುಷಗಳಿಂದ ಕಾಗದದಲ್ಲಿದೆ. ಕಲಬುರ್ಗಿ ಮಾರ್ಗದ ಗತಿಯೇ ಇದಕ್ಕೂ ಬರಕೂಡದು.

ಹಳಿಯಷ್ಟೇ ಹಾದಿಯೂ ಮುಖ್ಯ. ನಮ್ಮಲ್ಲಿ ಬೀದರದ ದಿಬ್ಬವು ಕೆಂಪು ಮುರಕಲ್ಲಿನದು. ಅದರ ಕೆಳಗಿನ ಮಾಂಜರಾ ಸೀಮೆಯದು ಎರೆ ಭೂಮಿ. ಎರೆಯು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಅಡಿಪಾಯವಿಲ್ಲದೆ, ನೀರು ಹರಿದುಹೋಗಲು ಮೋರಿಗಳಿಲ್ಲದೆ ಮೇಲೆ ಡಾಂಬರು ಬಳಿದರೆ ಒಂದೆರಡು ಮಳೆಗಾಲದಲ್ಲಿ ಆ ರಸ್ತೆ ಮಣ್ಣುಪಾಲು. ಆಗ ತೊಗರಿ ಹೇರಿದ ಬಂಡಿ ಕೆಸರಿನಲ್ಲಿ ನಿಲ್ಲುತ್ತದೆ. ಬಾಣಂತಿ ದವಾಖಾನೆ ಮುಟ್ಟುವುದಿಲ್ಲ. 2023ರಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವುಂಟು. ಆದರೆ ಬಸ್ಸೇ ಬಾರದ ಹಳ್ಳಿಯ ಹುಡುಗಿಗೆ ಉಚಿತ ಚೀಟಿಯಿಂದೇನು ಲಾಭ?

ಹಣವಿಲ್ಲವೆಂಬ ಮಾತನ್ನು ನಾವು ಸುಲಭವಾಗಿ ಒಪ್ಪಲಾಗದು. ಸಂವಿಧಾನದ 371-ಜೆ ಅನುಚ್ಛೇದದ ಮೇರೆಗೆ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯುಂಟು. 2019ರಿಂದ ಈ ಸೀಮೆಗೆ ಕಲ್ಯಾಣ ಕರ್ನಾಟಕವೆಂಬ ಹೆಸರೂ ಉಂಟು. ಹೆಸರಿಗೆ ತಕ್ಕ ಕೆಲಸವನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಪ್ರತಿ ತಾಲೂಕಿಗೆ ಎಷ್ಟು ಹಣ ಮಂಜೂರಾಯಿತು, ಎಷ್ಟು ಬಿಡುಗಡೆಯಾಯಿತು, ಎಷ್ಟು ಖರ್ಚಾಯಿತು ಎಂಬ ಮೂರು ಅಂಕಿಗಳನ್ನು ಗ್ರಾಮಪಂಚಾಯತಿಯ ಗೋಡೆಯ ಮೇಲೆ ಬರೆಯಿಸಬೇಕು. ಭೂಮಿಯ ಸ್ವಾಧೀನವೂ ಪರಿಹಾರವೂ ಅಡಿಗಲ್ಲಿನ ಸಮಾರಂಭಕ್ಕಿಂತ ಮೊದಲೇ ಮುಗಿಯಬೇಕು. ಬಸ್ಸಿನ ವೇಳೆಯು ಶಾಲೆಯ ಗಂಟೆಗೂ ರೇಲ್ವೆಯ ವೇಳೆಗೂ ಹೊಂದಬೇಕು.

ಶಿಕ್ಷಕ ಮಹನೀಯರೇ, ನಿಜಾಮರ ಆಡಳಿತದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಅಂದು ಶಾಲೆಯು ಕನ್ನಡವನ್ನು ಉಳಿಸಿತು. ಇಂದು ಮಕ್ಕಳನ್ನು ಶಾಲೆಗೆ ಮುಟ್ಟಿಸುವ ಹಾದಿಯನ್ನು ನಾವು ಉಳಿಸಬೇಕಾಗಿದೆ. ನಿಮ್ಮ ನಿಮ್ಮ ಊರಿನ ಹಾದಿಯ ಸ್ಥಿತಿಯನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಬರೆದಿಡಿರಿ. ಗ್ರಾಮಸಭೆಯಲ್ಲಿ ಓದಿ ಹೇಳಿರಿ. ಅದರ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಶಾಸಕರಿಗೂ ಕಳುಹಿಸಿರಿ. ಬರವಣಿಗೆಯಲ್ಲಿರುವ ಬೇಡಿಕೆಯನ್ನು ಅಲ್ಲಗಳೆಯುವುದು ಯಾವ ಕಚೇರಿಗೂ ಸುಲಭವಲ್ಲ. ಔರಾದದ ಮಕ್ಕಳು ಇನ್ನೊಂದು 61 ವರುಷ ಕಾಯಬಾರದು.